ಮೊಬೈಲಿಗೆ ರೋಗದ ಹೆಸರು ಕೇಳಬೇಡಿ, ಹೊರಡುವ ಹೊತ್ತು ಕೇಳಿ

ಕಾಯಿಲೆ ಬಂದಾಗ ಮೊಬೈಲನ್ನು ಕೇಳಬಹುದಾ ಅನ್ನುವ ಇವತ್ತಿನ ಮಾತನ್ನು ಅಡಿಕೆ ಕೊಯ್ಲಿನ ಒಂದು ದಿನದಿಂದ ಶುರು ಮಾಡುತ್ತೇನೆ. ಆಗ ನಾನು ಮಲೆನಾಡಿನ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಕ್ಯಾಶುವಾಲ್ಟಿ ಡ್ಯೂಟಿಯಲ್ಲಿದ್ದೆ. ಸಂಜೆ 4 ಗಂಟೆ ಹೊತ್ತಿಗೆ ಒಂದು ಓಮ್ನಿ ಬಂದು ನಿಂತಿತು. ಇಳಿದವರು 62 ವರ್ಷದ ಯಜಮಾನರು, ಒಂದೂವರೆ ಎಕರೆ ತೋಟದವರು. ಅಂಗಿ ಬೆವರಿಗೆ ಬೆನ್ನಿಗೆ ಅಂಟಿಕೊಂಡಿತ್ತು. ಆದರೂ ಯಾರ ಕೈಯನ್ನೂ ಹಿಡಿಯದೆ ನಡೆದು ಬಂದರು. “ಏನಿಲ್ಲ ಡಾಕ್ಟ್ರಮ್ಮ, ಗ್ಯಾಸ್ಟ್ರಿಕ್ಕು. ಊಟ ಆದ್ಮೇಲೆ ಶುರುವಾಯ್ತು. ಒಂದು ಇಂಜೆಕ್ಷನ್ ಹಾಕಿ ಕಳಿಸಿಬಿಡಿ. ಅಡಿಕೆ ಕೊಯ್ಯೋ ಕೊನೆಗೌಡ ಬಂದಿದಾನೆ, ಇವತ್ತು ಬಿಟ್ಟರೆ ಅವನು ಮತ್ತೆ ಸಿಗೋದು ಯಾವಾಗಲೋ” ಅಂದರು.

ಇಸಿಜಿ ತೆಗೆದೆವು. ಹಾರ್ಟ್ ಅಟ್ಯಾಕ್.

ಜೊತೆಗೆ ಮೊಮ್ಮಗ ಬಂದಿದ್ದ, ಪಿಯುಸಿ ಓದುವ ಹುಡುಗ. ಅವನ ಮುಖ ಬಿಳಚಿಕೊಂಡಿತು. “ಮೇಡಂ, ನಾನು ಮೊಬೈಲಲ್ಲಿ ನೋಡೇ ಕೊಟ್ಟಿದ್ದು. ಜೀರಿಗೆ ಕಷಾಯ ಅಂತ ಬಂತು, ಮಜ್ಜಿಗೆಗೆ ಇಂಗು ಹಾಕಿ ಕೊಡಿ ಅಂತ ಬಂತು. ಎರಡೂ ಕೊಟ್ವಿ” ಅಂದ. ಏನಂತ ಹುಡುಕಿದ್ದೆ ತೋರಿಸು ಅಂದೆ. ತೋರಿಸಿದ. “ಗ್ಯಾಸ್ಟ್ರಿಕ್‌ಗೆ ಮನೆಮದ್ದು.”

ಈಗ ಹೇಳಿ, ಮೊಬೈಲ್ ಸುಳ್ಳು ಹೇಳಿತಾ? ನನಗಂತೂ ಹಾಗೆ ಅನ್ನಿಸುವುದಿಲ್ಲ. ಗ್ಯಾಸ್ಟ್ರಿಕ್ಕಿಗೆ ಮನೆಮದ್ದು ಕೇಳಿದ, ಮನೆಮದ್ದು ಹೇಳಿತು. ಎದೆ ಹಿಡಿದ ಹಾಗೆ ಆಗುತ್ತಿದೆ, ಬೆವರುತ್ತಿದ್ದಾರೆ, 62 ವರ್ಷ, ಶುಗರ್ ಇದೆ ಅನ್ನುವ ಯಾವ ಮಾತೂ ಅದಕ್ಕೆ ಗೊತ್ತೇ ಇರಲಿಲ್ಲ. ರೋಗ ಯಾವುದು ಅಂತ ಮನೆಯವರು ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದರು. ಮೊಬೈಲನ್ನು ಕೇಳಿದ್ದು ಆ ತೀರ್ಮಾನಕ್ಕೆ ಒಂದು ಸಹಿ ಹಾಕಿಸಿಕೊಳ್ಳೋಕೆ.

ಗ್ಯಾಸ್ಟ್ರಿಕ್ ಅನ್ನುವ ಪದದ ಬಗ್ಗೆ ಒಂದು ಮಾತು ಹೇಳಲೇಬೇಕು. ಕನ್ನಡದಲ್ಲಿ ಇಷ್ಟು ಹೊಟ್ಟೆ ದೊಡ್ಡದಿರುವ ಪದ ಇನ್ನೊಂದಿಲ್ಲ. ಎದೆಯುರಿ ಗ್ಯಾಸ್ಟ್ರಿಕ್, ಹೊಟ್ಟೆ ಉಬ್ಬರ ಗ್ಯಾಸ್ಟ್ರಿಕ್, ಬೆನ್ನು ಹಿಡಿದುಕೊಂಡರೂ ಗ್ಯಾಸ್ಟ್ರಿಕ್, ತಲೆ ಸುತ್ತಿದರೂ ಗ್ಯಾಸ್ಟ್ರಿಕ್. ಒಬ್ಬ ಅಮ್ಮ ಮೊಣಕಾಲಿಗೂ ಗ್ಯಾಸ್ಟ್ರಿಕ್ ಇಳಿದಿದೆ ಅಂದಿದ್ದರು. ನಗಬೇಡಿ. ಈ ಪದ ಜನರಿಗೆ ಸಮಾಧಾನ ಕೊಡುತ್ತೆ. ಗ್ಯಾಸ್ಟ್ರಿಕ್ ಅಂದರೆ ಸಾಯುವ ಕಾಯಿಲೆ ಅಲ್ಲ, ಒಂದು ಸೋಡಾ ಕುಡಿದರೆ ಹೋಗುತ್ತೆ. ಅದಕ್ಕೇ ಆ ಪದದ ಮೇಲೆ ನನಗೆ ಸಿಟ್ಟು. ಹೃದಯದ ಕೆಳಭಾಗಕ್ಕೆ ರಕ್ತ ಹೋಗುವುದು ನಿಂತಾಗ ನೋವು ಎಷ್ಟೋ ಸಲ ಹೊಟ್ಟೆಯ ಮೇಲ್ಭಾಗದಲ್ಲೇ ಕಾಣಿಸುತ್ತೆ, ತೇಗು ಬರುತ್ತೆ, ವಾಂತಿ ಆಗುತ್ತೆ. ಶುಗರ್ ಇರುವವರಿಗೆ, ಹೆಂಗಸರಿಗೆ, ವಯಸ್ಸಾದವರಿಗೆ ಸಿನಿಮಾದಲ್ಲಿ ತೋರಿಸುವ ಹಾಗೆ ಎದೆ ಹಿಡಿದು ಬೀಳುವ ನೋವು ಬರದೇ ಇರಬಹುದು. ಸುಮ್ನೆ ಸುಸ್ತು, ಬೆವರು, ಉಸಿರಿಗೆ ಕಷ್ಟ ಅಷ್ಟೇ ಇರಬಹುದು.

ಇವತ್ತು ಮಾತಾಡೋಕೆ ನನಗೆ ಕೊಟ್ಟಿರುವ ವಿಷಯ, ರೋಗಲಕ್ಷಣ ಹೇಳಿದರೆ ಉತ್ತರ ಕೊಡುವ ಆ್ಯಪುಗಳು, ವೆಬ್‌ಸೈಟುಗಳು. ಇವನ್ನು ನಂಬಬಹುದಾ, ಬೇಡವಾ ಅಂತ ಹೇಳಿ ಅಂದಿದ್ದಾರೆ. ಹೌದು ಅಥವಾ ಇಲ್ಲ ಅಂತ ಒಂದೇ ಮಾತಿನಲ್ಲಿ ಹೇಳೋಕೆ ಆಗಲ್ಲ. ಏನು ಕೇಳುತ್ತೀರಿ ಅನ್ನುವುದರ ಮೇಲೆ ಹೋಗುತ್ತೆ.

ಮೊದಲು ಒಂದು ಗೊಂದಲ ಬಿಡಿಸೋಣ. ಗೂಗಲ್‌ನಲ್ಲಿ ಹುಡುಕುವುದು ಬೇರೆ, ಲಕ್ಷಣ ನೋಡುವ ಆ್ಯಪ್ ಬೇರೆ. ಗೂಗಲ್ ನೀವು ಬರೆದ ಪದಗಳಿರುವ ಪುಟಗಳನ್ನು ತಂದು ಮುಂದೆ ಇಡುತ್ತೆ. ಲಕ್ಷಣ ನೋಡುವ ಆ್ಯಪ್ ನಿಮಗೇ ತಿರುಗಿ ಪ್ರಶ್ನೆ ಕೇಳುತ್ತೆ. ವಯಸ್ಸೆಷ್ಟು, ಎಷ್ಟು ದಿನದಿಂದ, ವಾಂತಿ ಇದೆಯಾ, ಅಂತ ಒಂದೊಂದಾಗಿ ಕೇಳಿ ಕೊನೆಗೆ ಇದಿರಬಹುದು, ಇಷ್ಟು ಹೊತ್ತಿನೊಳಗೆ ಡಾಕ್ಟರ್ ಹತ್ತಿರ ಹೋಗಿ ಅನ್ನುತ್ತೆ. ಬರ್ಲಿನ್‌ನ ಅಡಾ ಅಂಥದ್ದು. ಬ್ರಿಟನ್ನಿನ ಸರ್ಕಾರಿ ಆರೋಗ್ಯ ವ್ಯವಸ್ಥೆಯ 111 ಆನ್‌ಲೈನ್ ಕೂಡ ಹೆಚ್ಚುಕಡಿಮೆ ಅಂಥದ್ದೇ, ಅದು ರೋಗದ ಹೆಸರು ಹೇಳದೆ ಎಲ್ಲಿಗೆ ಹೋಗಬೇಕು ಅಂತ ಹೇಳುತ್ತೆ. ಈಗ ಮೂರನೇ ಜಾತಿ ಬಂದಿದೆ. ಚಾಟ್‌ಜಿಪಿಟಿ ತರಹದ್ದು, ಕನ್ನಡದಲ್ಲೇ ಕೇಳಿದರೂ ಕನ್ನಡದಲ್ಲೇ ಮಾತಾಡುತ್ತೆ.

ಹುಡುಕಾಟದಿಂದ ಆಗುವ ಭಯ ನಿಮಗೆಲ್ಲ ಗೊತ್ತಿದೆ. ಎರಡು ದಿನದ ತಲೆನೋವಿಗೆ ಬ್ರೈನ್ ಟ್ಯೂಮರ್ ಅಂತ ತೀರ್ಮಾನ ಮಾಡಿಕೊಂಡು ಬರುವ ಹುಡುಗರನ್ನು ನಾನು ವಾರಕ್ಕೊಬ್ಬರನ್ನಾದರೂ ನೋಡುತ್ತೇನೆ. 2008ರ ಸುಮಾರಿಗೆ ಮೈಕ್ರೋಸಾಫ್ಟ್‌ನ ರೈಯನ್ ವೈಟ್ ಮತ್ತು ಎರಿಕ್ ಹಾರ್ವಿಟ್ಜ್ ಇದನ್ನೇ ಕೂತು ಲೆಕ್ಕ ಹಾಕಿದರು. ತಲೆನೋವು ಅಂತ ಹುಡುಕಿದರೆ, ಕಾಫಿ ಬಿಟ್ಟಿದ್ದರಿಂದ ಬರುವ ತಲೆನೋವಿನ ಬಗ್ಗೆ ಎಷ್ಟು ಮಾಹಿತಿ ಎದುರಾಗುತ್ತದೋ, ಬ್ರೈನ್ ಟ್ಯೂಮರ್ ಬಗ್ಗೆಯೂ ಹೆಚ್ಚುಕಡಿಮೆ ಅಷ್ಟೇ ಎದುರಾಗುತ್ತಿತ್ತು. ಬೆಳಗಿನ ಕಾಫಿ ತಪ್ಪಿ ತಲೆ ಸಿಡಿಯುವವರು ಈ ಸಭಾಂಗಣದಲ್ಲೇ ಹತ್ತಿಪ್ಪತ್ತು ಜನ ಇರುತ್ತೀರಿ. ಬ್ರೈನ್ ಟ್ಯೂಮರ್ ಇರುವವರು ಇಡೀ ತಾಲ್ಲೂಕಿನಲ್ಲಿ ಹುಡುಕಿದರೂ ಬೆರಳೆಣಿಕೆ. ಭಯ ಹುಟ್ಟಿಸುವ ರೋಗದ ಬಗ್ಗೆ ಜನ ಜಾಸ್ತಿ ಬರೆಯುತ್ತಾರೆ, ಜಾಸ್ತಿ ಓದುತ್ತಾರೆ. ಕಾಫಿ ಬಗ್ಗೆ ಯಾರು ಬರೆಯುತ್ತಾರೆ?

ಇನ್ನು ಪ್ರಶ್ನೆ ಕೇಳುವ ಯಂತ್ರಗಳು. ಇವು ಮೊಬೈಲ್ ಜೊತೆ ಹುಟ್ಟಿದ್ದು ಅಂದುಕೊಳ್ಳಬೇಡಿ. 1972ರಲ್ಲೇ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಡಿ ಡೊಂಬಲ್ ಅನ್ನುವ ಡಾಕ್ಟರು ಮತ್ತು ಅವರ ಜೊತೆಯವರು ಇದನ್ನು ಮಾಡಿ ತೋರಿಸಿದ್ದರು. ಇದ್ದಕ್ಕಿದ್ದ ಹಾಗೆ ಹೊಟ್ಟೆನೋವು ಬಂದ 304 ರೋಗಿಗಳು. ಅಪೆಂಡಿಕ್ಸಾ, ಪಿತ್ತಕೋಶವಾ, ಹುಣ್ಣು ಒಡೆದಿದೆಯಾ? ಕಂಪ್ಯೂಟರ್ ಸರಿಯಾಗಿ ಹೇಳಿದ್ದು ನೂರಕ್ಕೆ 91.8. ಅಲ್ಲಿನ ಅತಿ ಹಿರಿಯ ಡಾಕ್ಟರ್ ಹೇಳಿದ್ದು 79.6. ಕಂಪ್ಯೂಟರ್ ಗೆದ್ದಿತು!

ಹಾಗಿದ್ದರೆ 50 ವರ್ಷದ ಹಿಂದೆಯೇ ನಮ್ಮನ್ನು, ಅಂದರೆ ಡಾಕ್ಟರುಗಳನ್ನು, ಮನೆಗೆ ಕಳಿಸಬೇಕಿತ್ತಲ್ಲ? ಕಳಿಸಲಿಲ್ಲ. ಕಾರಣ ಎರಡು. ಆ ಕಂಪ್ಯೂಟರಿಗೆ ಮಾಹಿತಿ ಕೊಟ್ಟವರು ರೋಗಿಗಳಲ್ಲ, ಡಾಕ್ಟರುಗಳು. ಹೊಟ್ಟೆ ಒತ್ತಿ ನೋಡಿ, ಎಲ್ಲಿ ನೋವು, ಕೈ ತೆಗೆದಾಗ ನೋವು ಜಾಸ್ತಿ ಆಗುತ್ತಾ, ಅಂತ ಪರೀಕ್ಷೆ ಮಾಡಿ ಫಾರಂ ತುಂಬಿದ್ದರು. ಎರಡನೆಯದು, ಅದರ ಲೆಕ್ಕವೆಲ್ಲ ಲೀಡ್ಸ್ ಜನರ ಹೊಟ್ಟೆಯ ಲೆಕ್ಕ. ಆ ಊರಿನಲ್ಲಿ ಯಾವ ಕಾಯಿಲೆ ಎಷ್ಟು ಅನ್ನುವುದರ ಮೇಲೆ ನಿಂತದ್ದು. ಬೇರೆ ದೇಶಕ್ಕೆ ಒಯ್ದಾಗ ಅಷ್ಟು ಚೆನ್ನಾಗಿ ನಡೆಯಲಿಲ್ಲ.

ಈ ಎರಡನೇ ಮಾತು ನಮಗೆ ತುಂಬಾ ಬೇಕು. ಜನವರಿ ತಿಂಗಳು. ಸೊರಬದ ಕಡೆಯ ಒಬ್ಬರಿಗೆ ಇದ್ದಕ್ಕಿದ್ದ ಹಾಗೆ ಜ್ವರ, ತಲೆ ಒಡೆದುಹೋಗುವ ನೋವು, ಮೈಕೈ ಮುರಿದು ಹಾಕಿದ ಹಾಗೆ, ಕಣ್ಣು ಕೆಂಪು. ಬರ್ಲಿನ್‌ನಲ್ಲೋ ಲಂಡನ್‌ನಲ್ಲೋ ತಯಾರಾದ ಯಂತ್ರಕ್ಕೆ ಇದನ್ನು ಹೇಳಿದರೆ ಫ್ಲೂ ಅನ್ನುತ್ತೆ. ಅಲ್ಲಿಗೆ ಅದು ಸರಿ. ನಾನು ಮಾತ್ರ ಮೊದಲು ಕೇಳುವ ಪ್ರಶ್ನೆ ಬೇರೆ. ದರಕು, ಅಂದರೆ ಉದುರಿದ ಒಣಗೆಲೆ, ತರೋಕೆ ಕಾಡಿಗೆ ಹೋಗಿದ್ರಾ? ಹತ್ತಿರದಲ್ಲೆಲ್ಲಾದರೂ ಮಂಗ ಸತ್ತಿತ್ತಾ? ಮೈಮೇಲೆ ರಕ್ತ ಹೀರುವ ಉಣುಗು ಕಂಡಿತಾ? ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದೇ 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಆ ಕಾಡಿನ ಹೆಸರೇ ಜಗತ್ತಿನ ವೈದ್ಯ ಪುಸ್ತಕಗಳಲ್ಲಿ ಈ ಕಾಯಿಲೆಯ ಹೆಸರಾಗಿ ಕೂತಿದೆ. ಕರಾವಳಿಯಲ್ಲಿ ಮಳೆಗಾಲದ ಜ್ವರ ಆದರೆ ಗದ್ದೆ ಕೆಸರಿನಲ್ಲಿ ಬರಿಗಾಲಲ್ಲಿ ಇಳಿದಿದ್ರಾ ಅಂತ ಕೇಳುತ್ತೇನೆ, ಇಲಿ ಜ್ವರಕ್ಕೋಸ್ಕರ. ಆ್ಯಪ್ ಕೇಳದೇ ಇದ್ದರೂ ನೀವೇ ಹೇಳಬೇಕು. ಯಾವ ಊರು, ಯಾವ ತಿಂಗಳು, ಏನು ಕೆಲಸ, ಪಕ್ಕದ ಮನೆಯಲ್ಲಿ ಯಾರಿಗೆ ಏನಾಗಿದೆ. ಈ ನಾಲ್ಕು ಹೇಳಿ ನೋಡಿ, ಅದರ ಉತ್ತರವೇ ಬದಲಾಗುತ್ತೆ.

ಇವು ಎಷ್ಟು ಸರಿ ಹೇಳುತ್ತವೆ ಅನ್ನುವುದಕ್ಕೆ ಒಂದೆರಡು ಅಂಕಿ ಕೊಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. 2015ರಲ್ಲಿ ಹಾರ್ವರ್ಡ್‌ನವರು ಇಂಥ 23 ಸಾಧನಗಳನ್ನು ತಗೊಂಡು, 45 ರೋಗಿಗಳ ಕತೆ ಕೊಟ್ಟು ಪರೀಕ್ಷೆ ಮಾಡಿದರು. ರೋಗದ ಹೆಸರನ್ನು ಮೊದಲ ಉತ್ತರದಲ್ಲೇ ಸರಿ ಹೇಳಿದ್ದು ನೂರಕ್ಕೆ 34 ಸಲ. ಎಷ್ಟು ಬೇಗ, ಎಲ್ಲಿಗೆ ಹೋಗಬೇಕು ಅನ್ನುವುದನ್ನು ಸರಿ ಹೇಳಿದ್ದು 57 ಸಲ. ಇದನ್ನು ಒಡೆದು ನೋಡಿದರೆ ಇನ್ನೂ ಸ್ವಾರಸ್ಯ ಇದೆ. ನಿಜವಾದ ತುರ್ತು ಇದ್ದಾಗ 80 ಸಲ ಸರಿ. ಮನೆಯಲ್ಲೇ ವಾಸಿಯಾಗುವ ಸಣ್ಣ ಕಾಯಿಲೆ ಇದ್ದಾಗ 33 ಸಲ ಮಾತ್ರ ಸರಿ. ಅಂದರೆ ನೆಗಡಿ ಆದವರನ್ನೂ ಡಾಕ್ಟರ್ ಹತ್ತಿರ ಹೋಗಿ ಅಂತ ಓಡಿಸಿದವು.

ಯಾಕೆ ಹೀಗೆ? ನೀವೇ ಆ ಆ್ಯಪ್ ಮಾಡಿದ್ದೀರಿ ಅಂದುಕೊಳ್ಳಿ. ನೆಗಡಿಗೆ ಹೋಗಿ ಅಂದರೆ ರೋಗಿ ಬೈದುಕೊಂಡು ಹೋಗುತ್ತಾನೆ. ಹಾರ್ಟ್ ಅಟ್ಯಾಕ್‌ಗೆ ಇರಿ ಅಂದರೆ ಜೀವ ಹೋಗುತ್ತೆ, ಆಮೇಲೆ ಕೋರ್ಟು. ನಾನಾದರೂ ಅದನ್ನೇ ಮಾಡುತ್ತಿದ್ದೆ. ಆದರೆ ಬೈದುಕೊಂಡು ಹೋಗುವ ಖರ್ಚು ಎಲ್ಲರಿಗೂ ಒಂದೇ ಅಲ್ಲ. ಬೆಂಗಳೂರಿನ ಜಯನಗರದಲ್ಲಿರುವವರಿಗೆ ಅರ್ಧ ಗಂಟೆ. ನಮ್ಮ ಹಳ್ಳಿಯವರಿಗೆ ಒಂದು ದಿನದ ಕೂಲಿ, ಬಸ್ ಚಾರ್ಜು, ದನ ನೋಡಿಕೊಳ್ಳೋಕೆ ಇನ್ನೊಬ್ಬರು. ಅದಕ್ಕೇ ಎರಡು ಸಲ ಸುಮ್ನೆ ಓಡಿಸಿದ ಆ್ಯಪನ್ನು ಮೂರನೇ ಸಲ ಯಾರೂ ಕೇಳುವುದಿಲ್ಲ. ಇನ್ನೊಂದು ಕಡೆ, ಆ 80 ಅನ್ನುವ ಅಂಕಿಯನ್ನೂ ಮತ್ತೊಮ್ಮೆ ನೋಡಿ. ಐದು ತುರ್ತು ಪ್ರಕರಣದಲ್ಲಿ ಒಂದನ್ನು ಬಿಟ್ಟಿವೆ. ಆ ಒಬ್ಬರು ನಮ್ಮ ಮನೆಯವರೇ ಆಗಿದ್ದರೆ?

ಬ್ರಿಟನ್ನಿನ ಬ್ಯಾಬಿಲಾನ್ ಅನ್ನುವ ಕಂಪನಿಯ ಆ್ಯಪ್ ಬಗ್ಗೆ 2019ರಲ್ಲಿ ದೊಡ್ಡ ಗಲಾಟೆ ಆಯಿತು. ಒಂದೇ ವಯಸ್ಸು, ಒಂದೇ ಲಕ್ಷಣ ಹೇಳಿದರೂ ಗಂಡಸಾದರೆ ಹೃದಯದ ತೊಂದರೆ ಇರಬಹುದು ಅಂತ, ಹೆಂಗಸಾದರೆ ಗಾಬರಿಯಿಂದ ಆಗಿರಬಹುದು ಅಂತ ಹೇಳುತ್ತಿದೆ ಎಂದು ಅಲ್ಲಿನ ಡಾಕ್ಟರೊಬ್ಬರು ತೋರಿಸಿದರು. ನಾನು ಇದನ್ನು ಓದಿ ಯಂತ್ರವನ್ನು ಬೈಯಲಿಲ್ಲ. ನಮ್ಮ ಮನೆಗಳಲ್ಲೂ ಅದೇ ಅಲ್ವಾ? ಅಪ್ಪನಿಗೆ ಎದೆನೋವು ಅಂದರೆ ಕಾರು ಹೊರಡುತ್ತೆ. ಅಮ್ಮನಿಗೆ ಎದೆನೋವು ಅಂದರೆ “ಟೆನ್ಶನ್ ಮಾಡ್ಕೋಬೇಡ, ಸ್ವಲ್ಪ ಮಲಗು.” ಯಂತ್ರ ಕಲಿತದ್ದು ನಮ್ಮಿಂದಲೇ.

ಈಗ ಚಾಟ್‌ಜಿಪಿಟಿ ಕಾಲ. ಅದು ಈ ಹಳೇ ಆ್ಯಪುಗಳಿಗಿಂತ ಬುದ್ಧಿವಂತ ಅನ್ನುತ್ತಾರೆ. ನಿಜ, ಬುದ್ಧಿವಂತವೇ. 2025ರಲ್ಲಿ ಆಕ್ಸ್‌ಫರ್ಡ್‌ನವರದ್ದೊಂದು ಅಧ್ಯಯನ ಹೊರಬಂತು. ಬ್ರಿಟನ್ನಿನ 1,298 ಜನಸಾಮಾನ್ಯರು, ಡಾಕ್ಟರುಗಳು ಬರೆದುಕೊಟ್ಟ ಹತ್ತು ಕತೆಗಳು. ಕತೆಯನ್ನು ಇಡಿಯಾಗಿ ಯಂತ್ರಕ್ಕೇ ಕೊಟ್ಟಾಗ ಅದು ನೂರಕ್ಕೆ ಸುಮಾರು 95 ಸಲ ಕಾಯಿಲೆಯನ್ನು ಗುರುತಿಸಿತು. ಅದೇ ಯಂತ್ರವನ್ನು ಜನರ ಕೈಗೆ ಕೊಟ್ಟು ನೀವೇ ಮಾತಾಡಿ ತಿಳಿದುಕೊಳ್ಳಿ ಅಂದಾಗ, ಸರಿಯಾದ ಕಾಯಿಲೆ ಹೇಳಿದವರು ನೂರಕ್ಕೆ 35 ಜನವೂ ಇಲ್ಲ. ಯಂತ್ರ ಇಲ್ಲದೆ ತಮಗೆ ತಿಳಿದ ಹಾಗೆ ಹುಡುಕಿಕೊಂಡವರಿಗಿಂತ ಇವರು ಏನೂ ಮೇಲಾಗಿರಲಿಲ್ಲ.

95 ಎಲ್ಲಿ ಹೋಯಿತು? ಮಾತಿನಲ್ಲಿ ಸೋರಿಹೋಯಿತು. ಜನ ಅರ್ಧ ಹೇಳಿದರು. ಯಂತ್ರ ನಾಲ್ಕು ಹೇಳಿದರೆ ಒಂದನ್ನು ಮಾತ್ರ ಹಿಡಿದುಕೊಂಡರು. ಅದೇ ಅಧ್ಯಯನದಲ್ಲಿ ಇನ್ನೊಂದು ವಿಷಯವೂ ಇದೆ. ಎಷ್ಟು ಬೇಗ ಎಲ್ಲಿಗೆ ಹೋಗಬೇಕು ಅನ್ನುವುದರಲ್ಲಿ ಯಂತ್ರ ಒಂದೇ ಇದ್ದಾಗಲೂ ಸರಿಯಾಗಿದ್ದು ನೂರಕ್ಕೆ 56ರಷ್ಟು. ರೋಗದ ಹೆಸರು ಹೇಳುವುದು ಅದಕ್ಕೆ ಸುಲಭ. ಹೊರಡುವ ಹೊತ್ತು ಹೇಳುವುದು ಕಷ್ಟ. ನಮಗೆ ಮನೆಯಲ್ಲಿ ಕೂತಾಗ ಬೇಕಿರುವುದು ಆ ಕಷ್ಟದ್ದೇ.

ಮಾತಿನಲ್ಲಿ ಸೋರುವುದು ಅಂದೆನಲ್ಲ, ಕನ್ನಡದಲ್ಲಿ ಅದು ಇನ್ನೂ ಜಾಸ್ತಿ. ನಮ್ಮ ಕಡೆ “ಸಂಕಟ ಆಗ್ತಿದೆ” ಅಂದರೆ ಹೊಟ್ಟೆ ತೊಳಸುವುದು, ಎದೆಯ ಕೆಳಗೆ ಏನೋ ಕಿವುಚಿದ ಹಾಗೆ ಆಗುವುದು. ಪದಕ್ಕೆ ಪದ ಇಟ್ಟು ಇಂಗ್ಲಿಷಿಗೆ ಒಯ್ದರೆ ಅದು ದುಃಖ ಆಗಿಬಿಡುತ್ತೆ. “ಉಷ್ಣ ಆಗಿದೆ” ಅಂದರೆ ಒಬ್ಬರಿಗೆ ಉರಿಮೂತ್ರ, ಇನ್ನೊಬ್ಬರಿಗೆ ಬಾಯಿಹುಣ್ಣು, ಮತ್ತೊಬ್ಬರಿಗೆ ಮೂಲವ್ಯಾಧಿ. “ಶೀತ” ಮತ್ತು “ತಂಡಿ”, ಯಾವ ಸೀಮೆಯವರು ಹೇಳಿದರು ಅನ್ನುವುದರ ಮೇಲೆ ಅರ್ಥ. “ನಂಜಾಗಿದೆ” ಅನ್ನುವುದನ್ನು ನಾನು 20 ವರ್ಷದಿಂದ ಕೇಳುತ್ತಿದ್ದೇನೆ, ಈಗಲೂ ಎಲ್ಲಿ ತೋರಿಸಿ ಅಂತ ಕೇಳಲೇಬೇಕು. ಯಂತ್ರ ತೋರಿಸಿ ಅನ್ನುವುದಿಲ್ಲ.

ಅದಕ್ಕೆ ನನ್ನ ಸಲಹೆ ಇಷ್ಟು. ಒಂದೇ ಪದ ಬರೆಯಬೇಡಿ. ಪಕ್ಕದ ಮನೆಯವರಿಗೆ ಹೇಳುವ ಹಾಗೆ ಬರೆಯಿರಿ. ಯಾರಿಗೆ, ವಯಸ್ಸೆಷ್ಟು, ಬಿಪಿ ಶುಗರ್ ಇದೆಯಾ, ಯಾವ ಮಾತ್ರೆ ತಗೊಳ್ಳುತ್ತಾರೆ, ಬಸುರಿಯಾ, ಯಾವಾಗ ಶುರುವಾಯಿತು, ಜಾಸ್ತಿ ಆಗುತ್ತಿದೆಯಾ. ಇವೆಲ್ಲಕ್ಕಿಂತ ನನಗೆ ಇಷ್ಟದ ಪ್ರಶ್ನೆ ಒಂದಿದೆ: ನಿನ್ನೆ ಮಾಡುತ್ತಿದ್ದ ಯಾವ ಕೆಲಸ ಇವತ್ತು ಆಗುತ್ತಿಲ್ಲ? ಕೊಟ್ಟಿಗೆಗೆ ಹೋಗೋಕೆ ಎರಡು ಸಲ ನಿಂತರು, ಮೆಟ್ಟಿಲು ಹತ್ತಲಿಲ್ಲ, ಮಗು ಮೊಲೆ ಬಿಟ್ಟಿದೆ. ಗ್ಯಾಸ್ಟ್ರಿಕ್ ಅನ್ನುವ ಪದಕ್ಕಿಂತ ಇದು ನೂರು ಪಟ್ಟು ಹೇಳುತ್ತೆ. ಆಮೇಲೆ ರೋಗ ಯಾವುದು ಅಂತ ಕೇಳಬೇಡಿ. “ಈಗಲೇ ಹೊರಡಬೇಕಾ, ನಾಳೆ ಬೆಳಿಗ್ಗೆ ಆಗುತ್ತಾ? ಏನು ಕಂಡರೆ ರಾತ್ರಿಯೇ ಹೊರಡಬೇಕು?” ಅಂತ ಕೇಳಿ.

ಅದು “24 ಗಂಟೆಯೊಳಗೆ ವೈದ್ಯರನ್ನು ಕಾಣಿ” ಅಂದಿತು ಅಂದುಕೊಳ್ಳಿ. ಈ ಮಾತನ್ನು ನಿಮ್ಮ ಊರಿನ ಭಾಷೆಗೆ ನೀವೇ ಬದಲಾಯಿಸಿಕೊಳ್ಳಬೇಕು. ಬರ್ಲಿನ್‌ನವರಿಗೆ ರಾತ್ರಿ ಜಾಸ್ತಿ ಆದರೂ ಆಂಬುಲೆನ್ಸ್ ಮನೆ ಬಾಗಿಲಿಗೆ ಬರುತ್ತೆ. ನಿಮ್ಮ ಊರಿಗೆ ಕೊನೆ ಬಸ್ಸು ಸಂಜೆ ಆರೂವರೆಗೆ, ಮಳೆ ಜೋರಾದರೆ ಹಳ್ಳ ದಾಟೋಕಾಗಲ್ಲ ಅಂತಿದ್ದರೆ, 24 ಗಂಟೆ ಅನ್ನುವುದು ನಿಮಗೆ ಇವತ್ತು ಸಂಜೆ. ನಾನು ದೂರದವರಿಗೆ ಯಾವಾಗಲೂ ಹೇಳುವುದು, ಆ್ಯಪ್ ಹೇಳಿದ್ದಕ್ಕಿಂತ ಒಂದು ಮೆಟ್ಟಿಲು ಮುಂಚೆ ಹೊರಡಿ ಅಂತ.

ಒಂದು ಸಲ ಕೇಳಿ ಬಿಟ್ಟುಬಿಡುವುದು ಇನ್ನೊಂದು ತಪ್ಪು. ಇದಕ್ಕೆ ಡೆಂಗ್ಯೂಗಿಂತ ಒಳ್ಳೆ ಉದಾಹರಣೆ ಇಲ್ಲ. ಡೆಂಗ್ಯೂನಲ್ಲಿ ಜ್ವರ ಇರುವ ದಿನಗಳಿಗಿಂತ ಜ್ವರ ಇಳಿಯುವ ಹೊತ್ತೇ ಅಪಾಯ. ಮೂರರಿಂದ ಏಳನೇ ದಿನದ ನಡುವೆ ಜ್ವರ ಬಿಡುತ್ತೆ, ಮನೆಯವರು ಉಸ್ಸಪ್ಪಾ ಅನ್ನುತ್ತಾರೆ, ಆಗಲೇ ರಕ್ತನಾಳದಿಂದ ನೀರಿನಂಶ ಹೊರಗೆ ಸೋರೋಕೆ ಶುರುವಾಗಬಹುದು. ಆ ಹೊತ್ತಿನಲ್ಲಿ ಆ್ಯಪ್ “ಜ್ವರ ಇದೆಯಾ?” ಅಂತ ಕೇಳಿದರೆ ನೀವು “ಇಲ್ಲ” ಅಂತ ಒತ್ತುತ್ತೀರಿ. ಅದು ಪರವಾಗಿಲ್ಲ, ಮನೆಯಲ್ಲೇ ಇರಿ ಅನ್ನಬಹುದು.

ಇದನ್ನು ಯಂತ್ರ ಮಾತ್ರ ಮಾಡುತ್ತೆ ಅಂತ ನಾನು ಹೇಳುವ ಹಾಗಿಲ್ಲ. ನಾನೇ ಮಾಡಿದ್ದೇನೆ. ಹೊಸದಾಗಿ ಕೆಲಸಕ್ಕೆ ಸೇರಿದ್ದ ಕಾಲ. ಏಳು ವರ್ಷದ ಹುಡುಗಿ. ಜ್ವರ ಬಿಟ್ಟಿದೆ, ಮನೆಗೆ ಕರಕೊಂಡು ಹೋಗಿ ಅಂದೆ. ಅವಳ ಅಮ್ಮ ಬಾಗಿಲವರೆಗೆ ಹೋಗಿ ತಿರುಗಿ, “ಮೇಡಂ, ಹೊಟ್ಟೆನೋವು ಅಂತಿದಾಳೆ” ಅಂದರು. ಹಸಿವಿಗೆ ಇರಬೇಕು ಅಂದೆ. ಮರುದಿನ ಬೆಳಿಗ್ಗೆ ಅದೇ ಹುಡುಗಿ ಬಂದಾಗ ಕೈಕಾಲು ತಣ್ಣಗೆ, ನಾಡಿ ಸಿಗುತ್ತಿಲ್ಲ. ನಾಲ್ಕು ದಿನ ಒದ್ದಾಡಿ ಉಳಿದಳು. ಅಂದಿನಿಂದ ಬಾಗಿಲ ಹತ್ತಿರ ನಿಂತು ಹೇಳುವ ಮಾತನ್ನು ನಾನು ಕೂತು ಕೇಳುತ್ತೇನೆ. ಜ್ವರ ಬಿಟ್ಟ ಮೇಲೆ ಬಿಡದ ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ಒಸಡಿನಲ್ಲೋ ಮೂಗಿನಲ್ಲೋ ರಕ್ತ, ಮಂಕು, ಉಚ್ಚೆ ಕಡಿಮೆ ಆಗುವುದು. ಇವು ಕಂಡರೆ ಪ್ಲೇಟ್‌ಲೆಟ್ ಎಷ್ಟಿದೆ ಅಂತ ಜಗಳ ಮಾಡುತ್ತಾ, ಪಪ್ಪಾಯಿ ಎಲೆ ಅರೆಯುತ್ತಾ ಕೂರಬೇಡಿ, ಬನ್ನಿ.

ನಿಮಗೆ ಗೊತ್ತಿಲ್ಲದ ಹಾಗೆ ನೀವೆಲ್ಲ ಇಂಥ ಸಾಧನವನ್ನು ಬಳಸಿದ್ದೀರಿ. ಕೊರೋನಾ ಕಾಲ ನೆನಪಿದೆಯಾ? 2020ರ ಏಪ್ರಿಲ್ 2ರಂದು ಆರೋಗ್ಯ ಸೇತು ಬಂತು. ಕೆಮ್ಮು ಇದೆಯಾ, ಜ್ವರ ಇದೆಯಾ, ಉಸಿರಿಗೆ ಕಷ್ಟವಾ ಅಂತ ಕೇಳುತ್ತಿತ್ತು. ಸ್ಮಾರ್ಟ್‌ಫೋನ್ ಇಲ್ಲದವರಿಗೆ 1921ಕ್ಕೆ ಮಿಸ್ಡ್ ಕಾಲ್. ಕರ್ನಾಟಕದಲ್ಲಿ ಅದೇ ತಿಂಗಳು 14410, ಆಪ್ತಮಿತ್ರ ಸಹಾಯವಾಣಿ. ಎಷ್ಟು ಜನ ನಿಜ ಒತ್ತಿದಿರಿ? ಕೈ ಎತ್ತಬೇಡಿ, ಬಿಡಿ. ಕೆಮ್ಮು ಹೌದು ಅಂತ ಒತ್ತಿದರೆ ಮನೆ ಬಾಗಿಲಿಗೆ ನೋಟಿಸ್ ಅಂಟಿಸುತ್ತಾರೆ, ಹಾಲಿನವನೂ ಬರಲ್ಲ ಅನ್ನುವ ಭಯ. ಹಾಗಾಗಿ ಎಲ್ಲರೂ ಇಲ್ಲ, ಇಲ್ಲ, ಇಲ್ಲ. ಪರದೆ ಹಸಿರಾಯಿತು, ನೆಮ್ಮದಿ. ಪ್ರಶ್ನೆ ಕೇಳುವವರ ಮೇಲೆ ಭಯ ಇದ್ದರೆ ಉತ್ತರ ಕೆಡುತ್ತೆ. ಇದು ಆ್ಯಪಿಗೂ ನಿಜ, ಡಾಕ್ಟರಿಗೂ ನಿಜ. ಹಾಗೇ ಇನ್ನೊಂದು ಮಾತು: ಕಾಯಿಲೆ ಕೇಳುವ ಮೊದಲೇ ಹೆಸರು, ಫೋನ್ ನಂಬರ್, ಆಧಾರ್ ಕೇಳುವ ಆ್ಯಪ್ ಕಂಡರೆ ಅಲ್ಲೇ ಮುಚ್ಚಿಬಿಡಿ.

ಒಳ್ಳೆಯ ಲಕ್ಷಣ ಪರೀಕ್ಷೆ ಹೇಗಿರುತ್ತೆ ಅಂತ ನೋಡಬೇಕಾ? ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು, ಎಎನ್‌ಎಂ ಸಿಸ್ಟರನ್ನು ಕೇಳಿ. ಅವರು ಕಲಿತಿರುವ ಪಾಠ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 1990ರ ದಶಕದಲ್ಲಿ ಮಕ್ಕಳಿಗಾಗಿ ಮಾಡಿದ್ದು. ಅದರಲ್ಲಿ ರೋಗದ ಹೆಸರಿನಿಂದ ಶುರುವಾಗುವುದಿಲ್ಲ. ಮಗು ಕುಡಿಯೋಕೆ ಆಗುತ್ತಾ? ಕುಡಿದದ್ದೆಲ್ಲ ವಾಂತಿ ಆಗುತ್ತಾ? ಫಿಟ್ಸ್ ಬಂತಾ? ಮಂಕಾಗಿ ಬಿದ್ದಿದೆಯಾ? ಒಂದಕ್ಕೆ ಹೌದು ಅಂದರೂ ಹೊರಡಿ, ಅಷ್ಟೇ. ಕೆಮ್ಮು ಇದ್ದರೆ ಉಸಿರು ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಜಾಸ್ತಿ, ಎರಡು ತಿಂಗಳಿಂದ ಒಂದು ವರ್ಷದವರೆಗೆ 50 ಅಥವಾ ಜಾಸ್ತಿ, ಒಂದರಿಂದ ಐದು ವರ್ಷದವರೆಗೆ 40 ಅಥವಾ ಜಾಸ್ತಿ ಇದ್ದರೆ ಅದು ವೇಗದ ಉಸಿರು. ಆಸ್ಪತ್ರೆಗೆ ತೋರಿಸಬೇಕು.

ಇದಕ್ಕೆ ಮೊಬೈಲ್ ಬೇಕೇ ಬೇಕು ನೋಡಿ! ಅದರಲ್ಲಿ ಸ್ಟಾಪ್‌ವಾಚ್ ಇದೆ. ಮಗು ಅಳದೆ ಸುಮ್ಮನಿರುವಾಗ ಅಂಗಿ ಎತ್ತಿ, ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಬೇಡಿ, ಕೂಸುಗಳು ಒಂದೇ ಸಮ ಉಸಿರಾಡುವುದಿಲ್ಲ. ನನ್ನ ಕೇಳಿದರೆ ನಿಮ್ಮ ಮೊಬೈಲಿನಲ್ಲಿರುವ ಅತ್ಯುತ್ತಮ ಆರೋಗ್ಯ ಆ್ಯಪ್ ಆ ಸ್ಟಾಪ್‌ವಾಚೇ.

ಕೆಲವು ವಿಷಯಕ್ಕೆ ಮಾತ್ರ ಮೊಬೈಲ್ ತೆಗೆದು ಟೈಪ್ ಮಾಡುತ್ತಾ ಕೂರಲೇಬೇಡಿ. ಮುಖ ಒಂದು ಕಡೆ ಸೊಟ್ಟ ಆಯಿತು, ಒಂದು ಕೈ ಎತ್ತಿದರೆ ಬಿದ್ದುಹೋಗುತ್ತಿದೆ, ಮಾತು ತೊದಲುತ್ತಿದೆ. ಅದು ಪಾರ್ಶ್ವವಾಯು. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಿಗುವುದು ನಾಲ್ಕೂವರೆ ಗಂಟೆ, ಅದರಲ್ಲಿ ಸ್ಕ್ಯಾನಿಂಗ್ ಇರುವ ಊರಿಗೆ ಹೋಗುವ ಹೊತ್ತೂ ಸೇರಿದೆ. ಎದೆ ಬಿಗಿದು ಬೆವರುವುದು, ಉಸಿರು ಕಟ್ಟುವುದು, ಹಾವು ಕಚ್ಚಿದ್ದು, ಬಸುರಿಗೆ ರಕ್ತ ಹೋಗುವುದು, ಫಿಟ್ಸ್ ನಿಲ್ಲದೇ ಇರುವುದು. ಇವಕ್ಕೆ ಮೊಬೈಲಿನಲ್ಲಿ ಒತ್ತಬೇಕಾದ್ದು ಮೂರೇ ಅಂಕಿ, 108. ತುರ್ತು ಅಲ್ಲ, ಆದರೆ ಯಾರನ್ನಾದರೂ ಕೇಳಬೇಕು ಅನ್ನಿಸಿದರೆ 104 ಇದೆ, ಮನುಷ್ಯರೇ ಕನ್ನಡದಲ್ಲಿ ಮಾತಾಡುತ್ತಾರೆ. ಮನಸ್ಸಿಗೆ ತೀರಾ ಕಷ್ಟ ಆಗುತ್ತಿದ್ದರೆ 14416.

ಭಯದಿಂದ ಎಲ್ಲರೂ ಓಡಿ ಬನ್ನಿ ಅಂತಲೂ ನಾನು ಹೇಳುತ್ತಿಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದ ಮೇಲೆ ಬೆಂಗಳೂರಿನ ಜಯದೇವ ಆಸ್ಪತ್ರೆ ಮುಂದೆ ಸಾಲು ನಿಂತಿತ್ತು. 2025ರಲ್ಲಿ ಹಾಸನದಿಂದ ಹಾರ್ಟ್ ಅಟ್ಯಾಕ್ ಸಾವಿನ ಸುದ್ದಿಗಳು ಬಂದಾಗ ಮೈಸೂರಿನಲ್ಲೂ ಹಾಗೇ ಆಯಿತು. ಏನೂ ಆಗದ ಹುಡುಗರು ಸಾಲಿನಲ್ಲಿ, ನಿಜವಾಗಿ ನೋವಿದ್ದವರು ಅದರ ಹಿಂದೆ. ಆದರೆ ಪುನೀತ್ ಅವರ ಸಾವಿನಿಂದ ಒಂದು ಒಳ್ಳೆಯದೂ ಆಯಿತು. ಅವರ ಹೆಸರಿನಲ್ಲೇ ಹೃದಯ ಜ್ಯೋತಿ ಯೋಜನೆ ಬಂತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಯಂತ್ರವೂ ದೂರದ ಹೃದ್ರೋಗ ತಜ್ಞರೂ ಸೇರಿ ಓದಿ, ಬೇಕಾದರೆ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಅಲ್ಲೇ ಉಚಿತವಾಗಿ ಕೊಡುವ ಏರ್ಪಾಡು. ಅಲ್ಲೂ ಯಂತ್ರವೇ ಸಹಾಯ ಮಾಡುವುದು. ಆದರೆ ಅದಕ್ಕೆ ಸಿಗುವುದು “ಗ್ಯಾಸ್ಟ್ರಿಕ್” ಅನ್ನುವ ಪದ ಅಲ್ಲ, ಹೃದಯದ ಗೆರೆ.

ಆ ಯಜಮಾನರ ಕತೆ ಅರ್ಧಕ್ಕೆ ಬಿಟ್ಟೆ ಅಲ್ವಾ. ಇಸಿಜಿ ಕಳಿಸಿ ತಜ್ಞರಿಗೆ ಫೋನ್ ಮಾಡಿದೆ. ಅವರು ಮೊದಲು ಕೇಳಿದ್ದು, ನೋವು ಶುರುವಾಗಿ ಎಷ್ಟು ಹೊತ್ತಾಯಿತು ಅಂತ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ 12 ಗಂಟೆಯ ಗಡುವು, ಅದರಲ್ಲೂ ಮೊದಲ ಎರಡು ಮೂರು ಗಂಟೆಯೇ ಚಿನ್ನ. ಊಟ ಆದ ಮೇಲೆ ಅಂದಿದ್ದಾರೆ, ಎರಡು ಗಂಟೆ ಇರಬಹುದು ಸರ್, ಅಂದೆ. ಪಕ್ಕದಲ್ಲಿದ್ದ ಮೊಮ್ಮಗ ಏನೂ ಮಾತಾಡದೆ ಮೊಬೈಲನ್ನು ನನ್ನ ಮುಂದೆ ಹಿಡಿದ. ಅವನು “ಗ್ಯಾಸ್ಟ್ರಿಕ್‌ಗೆ ಮನೆಮದ್ದು” ಅಂತ ಹುಡುಕಿದ್ದ ಹೊತ್ತು ಅದರಲ್ಲಿ ದಾಖಲಾಗಿತ್ತು. ಬೆಳಿಗ್ಗೆ 7 ಗಂಟೆ 40 ನಿಮಿಷ.

ಎರಡು ಗಂಟೆ ಅಲ್ಲ, ಎಂಟು ಗಂಟೆ ದಾಟಿತ್ತು. ತಜ್ಞರಿಗೆ ಸರಿಯಾದ ಹೊತ್ತು ಹೇಳಿದೆ. ಗಡುವು ಇನ್ನೂ ಮುಗಿದಿರಲಿಲ್ಲ. ಇಂಜೆಕ್ಷನ್ ಕೊಟ್ಟು, ಆಂಬುಲೆನ್ಸಿನಲ್ಲಿ ದೊಡ್ಡಾಸ್ಪತ್ರೆಗೆ ಕಳಿಸಿದೆವು. ಉಳಿದರು. ಹೃದಯ ಸ್ವಲ್ಪ ಸೋತಿದೆ, ತೋಟದ ಇಳಿಜಾರು ಹತ್ತೋಕೆ ಈಗ ನಡುವೆ ಒಂದು ಸಲ ಕೂರುತ್ತಾರೆ. ಆಮೇಲೊಂದು ದಿನ ಚೆಕಪ್‌ಗೆ ಬಂದಾಗ ಕೇಳಿದೆ, ಯಜಮಾನ್ರೇ, ಅವತ್ತು ಊಟ ಆದ್ಮೇಲೆ ಅಂತ ಯಾಕೆ ಹೇಳಿದ್ರಿ?

“ಬೆಳಿಗ್ಗೆಯಿಂದ ಅಂದ್ರೆ ಇಷ್ಟೊತ್ತು ಏನು ಮಾಡ್ತಿದ್ರಿ ಅಂತ ನೀವು ಬೈತೀರಲ್ಲ ಡಾಕ್ಟ್ರಮ್ಮ, ಅದಕ್ಕೆ” ಅಂದರು.